ಹೊಲದ ಕೊಟ್ಟಿಗೆಗೆ ಯಾರ ಅಪ್ಪಣೆ?



ಪಹಣಿ ನಿಮ್ಮ ಹೆಸರಲ್ಲಿದೆ. ಕಂದಾಯ ಕಟ್ಟೋರು ನೀವು, ಉತ್ತು ಬಿತ್ತೋರು ನೀವು, ಸಾಲ ಹೊತ್ತೋರೂ ನೀವೇ. ಆ ಹೊಲದ ಮೂಲೆಯಲ್ಲಿ ನಾಲ್ಕು ಕಂಬ ನೆಟ್ಟು, ಮೇಲೆ ಶೀಟು ಹೊದಿಸಿ, ಎರಡು ಹಸು ಕಟ್ಟೋದಕ್ಕೆ ಕೊಟ್ಟಿಗೆ ಹಾಕಬೇಕಾದರೆ ಯಾರನ್ನು ಕೇಳಬೇಕು? ರೇಷ್ಮೆ ಹುಳುಮನೆ ಕಟ್ಟೋದಕ್ಕೆ? ರಾಗಿ ಮೂಟೆ ನೆನೆಯದ ಹಾಗೆ ಇಡೋದಕ್ಕೆ ಒಂದು ಕೋಣೆ, ಮೋಟಾರ್ ಕಾಯೋದಕ್ಕೆ ರಾತ್ರಿ ಮಲಗಲು ಒಂದು ಮನೆ, ಇವಕ್ಕೆಲ್ಲ ಯಾರ ಅಪ್ಪಣೆ ಬೇಕು?

ಈ ಪ್ರಶ್ನೆಗೆ ಊರೂರಿನಲ್ಲಿ ಒಂದೊಂದು ಉತ್ತರ. ಒಂದು ಕಡೆ ಪಂಚಾಯ್ತಿಯವರು "ಲೈಸೆನ್ಸ್ ತಗೊಳ್ಳಿ" ಅಂತಾರೆ. ಇನ್ನೊಂದು ಕಡೆ ಕಂದಾಯದವರು "ಕನ್ವರ್ಷನ್ ಆಗಿದೆಯೇನ್ರಿ?" ಅಂತ ಕೇಳ್ತಾರೆ. ಪಟ್ಟಣದ ಹತ್ತಿರದ ಹಳ್ಳಿಯಾದರೆ ಯೋಜನಾ ಪ್ರಾಧಿಕಾರದವರು ನಕ್ಷೆ ಬಿಚ್ಚಿ, "ಇದು ಹಸಿರು ವಲಯ" ಅಂತಾರೆ. ಎಲ್ಲೋ ಒಂದೆಡೆ ಯಾರೂ ಏನೂ ಕೇಳೋದಿಲ್ಲ, ಪಕ್ಕದ ಹೊಲದವನು ಜಗಳಕ್ಕೆ ಬಿದ್ದು ಒಂದು ಅರ್ಜಿ ಬರೆಯೋ ತನಕ. ಅರ್ಜಿ ಬಿದ್ದ ಮೇಲೆ ಶುರುವಾಗುತ್ತೆ ನೋಡಿ ಓಡಾಟ.

ಕಾನೂನು ಇಷ್ಟು ಗೊಂದಲದ್ದೇ? ಅಲ್ಲ. ಬೇಸಾಯದ ಕಟ್ಟಡದ ಮಟ್ಟಿಗೆ ಮೂಲ ಕಾನೂನು ಸ್ಪಷ್ಟವಾಗಿಯೇ ಇದೆ. ಅದನ್ನು ನಮಗೆ ಯಾರೂ ಓದಿ ಹೇಳಿಲ್ಲ, ಅಷ್ಟೆ.

ಕಾಯ್ದೆ ಹೇಳೋದೇನು?

1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಮನ್ನು ತೆಗೆದು ನೋಡಿ. ಅದರ ಮೊದಲನೇ ಉಪಕಲಮೇ ನಮ್ಮ ಹಕ್ಕು. ಬೇಸಾಯದ ಜಮೀನಿನ ಅನುಭವದಾರನು ಆ ಜಮೀನಿನಲ್ಲಿ ಬೇಸಾಯದ ಕಟ್ಟಡ ಕಟ್ಟಬಹುದು, ಬಾವಿ ತೋಡಬಹುದು, ಕೆರೆಕಟ್ಟೆ ಮಾಡಿಕೊಳ್ಳಬಹುದು, ಸಾಗುವಳಿ ಚೆನ್ನಾಗಿ ನಡೆಯಲು ಬೇಕಾದ ಬೇರೆ ಸುಧಾರಣೆಯನ್ನೂ ಮಾಡಬಹುದು. ತಾನೇ ಮಾಡಬಹುದು, ಆಳುಗಳಿಂದಲೂ ಮಾಡಿಸಬಹುದು. ಜಿಲ್ಲಾಧಿಕಾರಿಯ ಅನುಮತಿಯ ಮಾತು ಬರೋದು ಎರಡನೇ ಉಪಕಲಮಿನಲ್ಲಿ, ಅದೂ ಜಮೀನನ್ನು ಬೇಸಾಯ ಬಿಟ್ಟು ಬೇರೆ ಉದ್ದೇಶಕ್ಕೆ ತಿರುಗಿಸುವಾಗ ಮಾತ್ರ. ಮೊದಲನೆಯದು ಹಕ್ಕು, ಎರಡನೆಯದು ಅನುಮತಿ. ಹಕ್ಕನ್ನು ಕೇಳಲು ಹೋದವನಿಗೆ ಅನುಮತಿಯ ಅರ್ಜಿ ಕೊಟ್ಟು ಕಳಿಸೋದು ಕಚೇರಿಗಳ ಹಳೇ ಚಾಳಿ.

ತೋಟದ ಮನೆಗೆ ಒಂದು ಮಿತಿಯೂ ಇದೆ. ಅದು ಹಿಡುವಳಿಯ ನೂರಕ್ಕೆ ಹತ್ತು ಭಾಗ ಮೀರಬಾರದು, ಅದರ ಮೇಲೂ ಸರ್ಕಾರ ಗೊತ್ತುಮಾಡಿದ ಗರಿಷ್ಠ ಅಳತೆ ದಾಟಬಾರದು. ಮಿತಿ ಇರಲಿ, ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ಲೆಕ್ಕ ಹಾಕಿ ನೋಡಿ. ಹತ್ತು ಎಕರೆಯವನಿಗೆ ನೂರಕ್ಕೆ ಹತ್ತು ಅಂದರೆ ನಲವತ್ತು ಗುಂಟೆ. ಒಂದು ಎಕರೆಯವನಿಗೆ ನಾಲ್ಕು ಗುಂಟೆ. ಇಪ್ಪತ್ತು ಗುಂಟೆ ಇರುವವನಿಗೆ ಬರೋದು ಎರಡು ಗುಂಟೆ, ಅಂದರೆ 2,178 ಚದರ ಅಡಿ. ಅಷ್ಟರಲ್ಲಿ ಮನೆ, ಕೊಟ್ಟಿಗೆ, ಹುಲ್ಲಿನ ಬಣವೆ, ಹುಳುಮನೆ, ಒಣಗಿಸುವ ಅಂಗಳ ಎಲ್ಲ ಆಗಬೇಕು. ಜಮೀನು ಚಿಕ್ಕದಾದಷ್ಟೂ ಹಸು, ಕೋಳಿ, ರೇಷ್ಮೆ ಅಂತ ಸೂರಿನ ಕೆಳಗಿನ ದುಡಿಮೆಯೇ ಹೆಚ್ಚು. ಯಾರಿಗೆ ಸೂರು ಹೆಚ್ಚು ಬೇಕೋ ಅವರಿಗೇ ಕಡಿಮೆ. ವಿನಾಯಿತಿ ಅನ್ನೋದು ಏನಾದರೂ ಇದ್ದರೆ ಮೊದಲು ಸಲ್ಲಬೇಕಾದ್ದು ಇವರಿಗೆ.

ಬೇಸಾಯ ಅಂದರೆ ಯಾವುದು ಅನ್ನೋದಕ್ಕೂ ಕಾಯ್ದೆಯಲ್ಲೇ ಉತ್ತರ ಇದೆ. ಭೂಸುಧಾರಣಾ ಕಾಯ್ದೆಯ ಅರ್ಥವಿವರಣೆಯಲ್ಲಿ ತೋಟಗಾರಿಕೆ, ಹೈನುಗಾರಿಕೆ, ಕೋಳಿ ಸಾಕಣೆ, ಜಾನುವಾರು ತಳಿ ಬೆಳೆಸೋದು, ಮೀನು ಸಾಕಣೆ, ಹುಲ್ಲು ಬೆಳೆಯೋದು, ದನ ಮೇಯಿಸೋದು ಎಲ್ಲವನ್ನೂ ಕೃಷಿ ಅಂತಲೇ ಸೇರಿಸಿದ್ದಾರೆ. 2022ರಲ್ಲಿ ಕೋಳಿ ಶೆಡ್ಡಿನ ಪ್ರಕರಣವೊಂದರಲ್ಲಿ ಕರ್ನಾಟಕ ಹೈಕೋರ್ಟೂ ಕೋಳಿ ಸಾಕಣೆ ಕೃಷಿಯೇ, ಶೆಡ್ಡನ್ನು ವಾಣಿಜ್ಯ ಕಟ್ಟಡ ಅಂತ ಮಾಡಿ ಪಂಚಾಯ್ತಿ ತೆರಿಗೆ ಹಾಕುವಂತಿಲ್ಲ ಎಂದಿತು. ಇಷ್ಟಾದರೂ ಅದನ್ನು ಅಂಗಡಿ ಮಳಿಗೆಯ ಸಾಲಿಗೆ ಸೇರಿಸಿ ತೆರಿಗೆ ಕೇಳೋರು ಇದ್ದೇ ಇದ್ದಾರೆ. ತೀರ್ಪು ಬೆಂಗಳೂರಿನಲ್ಲಿ ಆಗುತ್ತೆ, ವಸೂಲಿ ಹಳ್ಳಿಯಲ್ಲಿ ನಡೆಯುತ್ತೆ.

ಸೂರಿಲ್ಲದವನಿಗೆ ಬೆಲೆಯಿಲ್ಲ

ಬೆಲೆ, ಸಾಲದ ವಿಷಯ ಬರೆಯುವ ಈ ಪತ್ರಿಕೆಯಲ್ಲಿ ಕೊಟ್ಟಿಗೆ ಪುರಾಣ ಯಾಕೆ ಅಂತ ನೀವು ಕೇಳಬಹುದು. ಬೆಲೆಗೂ ಸೂರಿಗೂ ನೇರ ಸಂಬಂಧ ಇದೆ.

ತಿಪಟೂರು ಸೀಮೆಯ ತೆಂಗಿನ ಬೆಳೆಗಾರರನ್ನು ಕೇಳಿ. ಉಂಡೆ ಕೊಬ್ಬರಿ ಮರದಲ್ಲಿ ಆಗೋದಿಲ್ಲ, ಅಟ್ಟದ ಮೇಲೆ ಆಗುತ್ತೆ. ಕಾಯನ್ನು ಎಂಟು, ಹತ್ತು, ಹನ್ನೆರಡು ತಿಂಗಳು ಅಟ್ಟದ ಮೇಲೆ ಇಟ್ಟು ಒಳಗಿನ ನೀರು ಇಂಗಿದ ಮೇಲೆ ಅದು ಕೊಬ್ಬರಿ. ಅಟ್ಟ ಇದ್ದವನು ಕೊಬ್ಬರಿ ಮಾರುತ್ತಾನೆ, ಇಲ್ಲದವನು ಕಾಯಿ ಮಾರುತ್ತಾನೆ, ಅದೂ ವ್ಯಾಪಾರಿ ಹೇಳಿದ ದಿನ, ವ್ಯಾಪಾರಿ ಹೇಳಿದ ಬೆಲೆಗೆ. 2023ರಲ್ಲಿ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 11,750 ರೂಪಾಯಿ ಬೆಂಬಲ ಬೆಲೆ ಇದ್ದಾಗ ಮಾರುಕಟ್ಟೆಯಲ್ಲಿ ಅದಕ್ಕಿಂತ ಸಾವಿರಾರು ರೂಪಾಯಿ ಕೆಳಗೆ ಮಾರಿದೆವು. 2025ರಲ್ಲಿ ಅದೇ ಕೊಬ್ಬರಿ 20 ಸಾವಿರ ದಾಟಿತು. ಬೆಲೆ ಏರಿದ ತಿಂಗಳಲ್ಲಿ ಅಟ್ಟದ ಮೇಲೆ ಕಾಯಿದ್ದವನಿಗೆ ಅದರ ಪಾಲು ಸಿಕ್ಕಿತು.

ರಾಗಿಯದೂ ಅದೇ ಕಥೆ. ಒಕ್ಕಣೆ ಆಗೋದು ಒಂದು ಕಾಲಕ್ಕೆ, ಸರ್ಕಾರದ ಖರೀದಿ ಕೇಂದ್ರ ಬಾಗಿಲು ತೆಗೆಯೋದು ಇನ್ನೊಂದು ಕಾಲಕ್ಕೆ. 2024-25ರ ಸಾಲಿಗೆ ರಾಗಿಯ ಬೆಂಬಲ ಬೆಲೆ 4,290 ರೂಪಾಯಿ ಅಂತ ಗೊತ್ತುಮಾಡಿದರು, ಸರಿ. ಕೇಂದ್ರ ತೆರೆಯೋ ತನಕ ಮೂಟೆ ಇಡೋದೆಲ್ಲಿ? ಹಿಂದಿನವರು ಹಗೇವು ತೋಡಿ ವರ್ಷಗಟ್ಟಲೆ ರಾಗಿ ಇಡುತ್ತಿದ್ದರು. ಹಗೇವಿಗೆ ಯಾರೂ ಲೈಸೆನ್ಸ್ ಕೇಳಲಿಲ್ಲ. ಇವತ್ತು ಹಗೇವು ಮುಚ್ಚಿದ್ದೇವೆ, ಕೋಣೆ ಕಟ್ಟಿಲ್ಲ. ಕಣದಿಂದಲೇ ರಾಗಿ ದಲ್ಲಾಳಿಯ ಟೆಂಪೊ ಹತ್ತುತ್ತೆ.

2022ರ ನವೆಂಬರಿನಲ್ಲಿ ಗದಗ ಜಿಲ್ಲೆಯ ರೈತರೊಬ್ಬರು ಯಶವಂತಪುರ ಮಾರುಕಟ್ಟೆಗೆ ಈರುಳ್ಳಿ ತಂದು 205 ಕಿಲೊ ಮಾರಿದಾಗ, ಬಾಡಿಗೆ ಹಮಾಲಿ ಕಳೆದು ಕೈಗೆ ಬಂದದ್ದು 8 ರೂಪಾಯಿ 36 ಪೈಸೆ. ಆ ಚೀಟಿಯನ್ನು ನಾಡೆಲ್ಲ ನೋಡಿತು. ಆ ವರ್ಷದ ಈರುಳ್ಳಿ ಮಳೆಗೆ ಸಿಕ್ಕಿತ್ತು, ಶೆಡ್ಡೊಂದಿದ್ದರೆ ಎಲ್ಲ ಸರಿಹೋಗುತ್ತಿತ್ತು ಅಂತ ನಾವು ಹೇಳೋದಿಲ್ಲ. ಆದರೆ ಇಡೋದಕ್ಕೆ ಜಾಗ ಇಲ್ಲದವನು ಇವತ್ತೇ ಲಾರಿ ಹತ್ತಿಸಬೇಕು, ಬೆಲೆ ಎಂಟಾಣೆ ಇದ್ದರೂ ಹತ್ತಿಸಬೇಕು. ಇದು ತಿಳಿದೇ ತೋಟಗಾರಿಕೆ ಯೋಜನೆಗಳಲ್ಲಿ 25 ಟನ್ನಿನ ಈರುಳ್ಳಿ ಶೆಡ್ಡಿಗೆ ಖರ್ಚಿನ ಅರ್ಧದಷ್ಟು ಸಹಾಯಧನ ಇಟ್ಟಿದ್ದರು. ಒಂದು ಇಲಾಖೆ ಕಟ್ಟು ಅಂತ ದುಡ್ಡು ಕೊಡುತ್ತೆ, ಇನ್ನೊಂದು ಇಲಾಖೆ ಯಾಕೆ ಕಟ್ಟಿದೆ ಅಂತ ಕೇಳುತ್ತೆ. ಸರ್ಕಾರ ಒಂದೇ ಅಲ್ಲವೇ ಸ್ವಾಮಿ?

ಸಾಲದ ಲೆಕ್ಕದಲ್ಲಿ ಮನೆ

ಈಗ ಸಾಲದ ಮಾತಿಗೆ ಬರೋಣ. ಇದನ್ನು ನಿಧಾನವಾಗಿ ಓದಿ.

ನಿಮ್ಮ ಜಮೀನು ಬ್ಯಾಂಕಿಗೆ ಅಡಮಾನ ಆಗಿದೆ. ಅದರಲ್ಲಿ ಎರಡು ಲಕ್ಷ ಹಾಕಿ ಹುಳುಮನೆ ಕಟ್ಟಿದಿರಿ ಅಂತ ಇಟ್ಟುಕೊಳ್ಳಿ. ಮರುವರ್ಷ ಸಾಲ ಹೆಚ್ಚಿಸಿ ಅಂತ ಹೋದರೆ, "ಅದಕ್ಕೆ ಖಾತೆ ಇಲ್ಲ, ಲೈಸೆನ್ಸ್ ಇಲ್ಲ, ಲೆಕ್ಕಕ್ಕೆ ಬರೋದಿಲ್ಲ" ಅಂತಾರೆ. ಆದರೆ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 70ನೇ ಕಲಮಿನ ಪ್ರಕಾರ, ಅಡಮಾನ ಇಟ್ಟ ಸ್ವತ್ತಿಗೆ ಆಮೇಲೆ ಸೇರಿದ್ದೂ ಸಾಲಕ್ಕೆ ಭದ್ರತೆಯೇ. ಸಾಲ ಕೊಡುವಾಗ ಲೆಕ್ಕಕ್ಕೆ ಬಾರದ ಮನೆ ಹರಾಜಿನ ಹೊತ್ತಿಗೆ ಲೆಕ್ಕಕ್ಕೆ ಬರುತ್ತೆ. ತಕ್ಕಡಿ ಎರಡೂ ಸಲ ಒಂದೇ ಕಡೆಗೆ ವಾಲಿತು ನೋಡಿ.

ಇದಕ್ಕೆ ಪರಿಹಾರ ಅಂತ ಕೆಲವರು ಒಂದು ಉಪದೇಶ ಕೊಡ್ತಾರೆ. "ಸುಮ್ಮನೆ ಅಷ್ಟು ಗುಂಟೆ ಕನ್ವರ್ಷನ್ ಮಾಡಿಸಿಕೊಂಡುಬಿಡಿ, ತಲೆನೋವೇ ಇರೋದಿಲ್ಲ." ಹುಷಾರು! ಶುಲ್ಕ ಕಟ್ಟೋದು, ಮಧ್ಯವರ್ತಿಗೆ ಕೈ ಬಿಸಿ ಮಾಡೋದು ಬೇರೆ ಮಾತು. ಅದಕ್ಕಿಂತ ದೊಡ್ಡ ಅಪಾಯ ಒಂದಿದೆ. 2002ರ ಸರ್ಫೇಸಿ ಕಾಯ್ದೆಯಲ್ಲಿ ಬ್ಯಾಂಕುಗಳು ಕೋರ್ಟಿಗೆ ಹೋಗದೆಯೇ ಅಡಮಾನದ ಸ್ವತ್ತನ್ನು ವಶಕ್ಕೆ ತಗೊಂಡು ಹರಾಜು ಹಾಕಬಹುದು. ಆ ಕಾಯ್ದೆಯ 31ನೇ ಕಲಮು ಬೇಸಾಯದ ಜಮೀನನ್ನು ಇದರಿಂದ ಹೊರಗಿಟ್ಟಿದೆ. ನಿಜವಾಗಿ ಬೇಸಾಯ ನಡೆಯುವ ಜಮೀನಿಗೆ ಅದು ಬೇಲಿ ಇದ್ದ ಹಾಗೆ. ಕೊಟ್ಟಿಗೆಯ ಕಾಗದಕ್ಕಾಗಿ ಜಮೀನನ್ನು ಕೃಷಿಯೇತರ ಮಾಡಿಸಿಕೊಂಡರೆ ಆ ಬೇಲಿಯನ್ನು ನಾವೇ ಕಿತ್ತ ಹಾಗಾಯ್ತು. ಕಾನೂನು ಕೇಳದ ಪರಿವರ್ತನೆಯನ್ನು ನಾವಾಗಿ ಮಾಡಿಸಿಕೊಂಡು, ಕಾನೂನು ಕೊಟ್ಟ ರಕ್ಷಣೆಯನ್ನು ಯಾಕೆ ಕಳಕೊಳ್ಳಬೇಕು?

ಇನ್ನೊಂದು ರಕ್ಷಣೆ ಉಂಟು, ಬಹಳ ಹಳೇದು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು. ಕೈಸಾಲ, ಪ್ರಾಮಿಸರಿ ನೋಟಿನ ಸಾಲಕ್ಕೆ ಯಾರಾದರೂ ಕೋರ್ಟಿನಿಂದ ಡಿಕ್ರಿ ತಂದರೂ, ಬೇಸಾಯಗಾರನು ವಾಸವಿರುವ ಮನೆಯನ್ನು, ಅವನ ಬಳಕೆಯಲ್ಲಿರುವ ಇತರ ಕಟ್ಟಡಗಳನ್ನು, ಅವುಗಳ ನಿವೇಶನವನ್ನು, ಬಳಕೆಗೆ ಬೇಕಾದ ಸುತ್ತಲಿನ ನೆಲವನ್ನು ಜಪ್ತಿ ಮಾಡುವಂತಿಲ್ಲ. ಉಳುಮೆ ಸಾಮಾನು, ಎತ್ತು, ಬಿತ್ತನೆ ಬೀಜವನ್ನೂ ಮುಟ್ಟುವಂತಿಲ್ಲ. ತಾನೇ ಬೇಸಾಯ ಮಾಡಿ ಮುಖ್ಯವಾಗಿ ಅದರಿಂದಲೇ ಬದುಕುವವನಿಗೆ ಈ ರಕ್ಷಣೆ. ಆದರೆ ಆ ಸ್ವತ್ತನ್ನೇ ಅಡಮಾನ ಬರೆದುಕೊಟ್ಟಿದ್ದರೆ ಇದು ನಿಲ್ಲೋದಿಲ್ಲ. ಕೊಟ್ಟಿಗೆ ಬೇಸಾಯದ್ದು, ಮನೆ ಬೇಸಾಯಗಾರನದ್ದು ಅನ್ನೋದು ಕಾಗದದಲ್ಲಿ ಉಳಿದಷ್ಟೂ ಈ ರಕ್ಷಣೆಗೆ ಬಲ. ರಸ್ತೆಗೋ ಕಾಲುವೆಗೋ ಜಮೀನು ಹೋದಾಗಲೂ ಅಷ್ಟೆ. 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಜಮೀನಿನ ಮೇಲಿನ ಕಟ್ಟಡಕ್ಕೂ ಬೆಲೆ ಕಟ್ಟಬೇಕು ಅಂತಿದೆ. ದಾಖಲೆಯೇ ಇಲ್ಲದ ಶೆಡ್ಡಿಗೆ ಬೆಲೆ ಕಟ್ಟಿಸಿಕೊಳ್ಳೋದು ಎಷ್ಟು ಕಷ್ಟ ಅನ್ನೋದು ಜಮೀನು ಕಳಕೊಂಡವರಿಗೆ ಗೊತ್ತು.

ಪಟ್ಟಣಕ್ಕೊಂದು ನ್ಯಾಯ, ಹಳ್ಳಿಗೊಂದು ನ್ಯಾಯ

ಇಷ್ಟು ಸ್ಪಷ್ಟ ಇದ್ದ ಮೇಲೆ ಗೋಳು ಎಲ್ಲಿಂದ ಬಂತು? ಒಂದು ಕಾಯ್ದೆಯ ಮೇಲೆ ಇನ್ನೊಂದನ್ನು ಹೇರಿದ್ದರಿಂದ ಬಂತು. ಭೂಪರಿವರ್ತನೆ ಬೇಡ ಅಂದರೂ, 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಕಲಮಿನಲ್ಲಿ ಕಟ್ಟಡಕ್ಕೆ ಗ್ರಾಮ ಪಂಚಾಯ್ತಿಯ ಅನುಮತಿ ಅಂತ ಇದೆ. ಅದು ಊರೊಳಗಿನ ಮಾಳಿಗೆ ಮನೆಗೂ ಹೊಲದ ಮೋಟಾರ್ ಮನೆಗೂ ಒಂದೇ ಅಳತೆಗೋಲು ಹಿಡಿಯುತ್ತೆ. ಪಟ್ಟಣದ ಸುತ್ತಲಿನ ಹಳ್ಳಿಗಳ ಮೇಲೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಬಂದು ಕೂರುತ್ತೆ. ನಿಮ್ಮ ಊರು ಯೋಜನಾ ಪ್ರದೇಶಕ್ಕೆ ಸೇರಿತು ಅಂತ ರಾಜ್ಯಪತ್ರದಲ್ಲಿ ಅಚ್ಚಾಗುತ್ತೆ. ರಾಜ್ಯಪತ್ರ ಓದೋರು ಯಾರು? ಅವತ್ತಿನಿಂದ ನಿಮ್ಮ ಹೊಲ ಕೃಷಿ ವಲಯ, ಪಕ್ಕದ್ದು ವಸತಿ ವಲಯ, ಅದರಾಚೆಯದು ಕೈಗಾರಿಕಾ ವಲಯ. ಬಣ್ಣ ಬಳಿದವರು ನಕ್ಷೆ ನೋಡಿ ಬಳಿದಿದ್ದಾರೆ.

ಪಟ್ಟಣದವರು ನಿಯಮ ಮುರಿದಾಗ ಏನಾಯ್ತು ಅನ್ನೋದನ್ನೂ ಜ್ಞಾಪಿಸಿಕೊಳ್ಳಿ. ಮನೆ ಸುತ್ತ ಬಿಡಬೇಕಾದ ಜಾಗ ನುಂಗಿ, ಮಹಡಿ ಮೇಲೆ ಮಹಡಿ ಏರಿಸಿದವರಿಗೆ ಅಕ್ರಮ ಸಕ್ರಮ ಅಂತ ಬಂತು. ವಾಸದ ಮನೆಯಾದರೆ ನೂರಕ್ಕೆ ಐವತ್ತರವರೆಗೆ, ಬೇರೆ ಕಟ್ಟಡವಾದರೆ ಇಪ್ಪತ್ತೈದರವರೆಗೆ ಉಲ್ಲಂಘನೆಯನ್ನು ದಂಡ ಕಟ್ಟಿಸಿಕೊಂಡು ಮನ್ನಿಸುವ ಯೋಜನೆ ಅದು. 2014ರಲ್ಲಿ ಅದಕ್ಕೆ ನಿಯಮ ಬಂತು, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಅರ್ಧ ಮನೆಯೇ ಅಕ್ರಮವಾದವನಿಗೆ ಕಾನೂನು ತಿದ್ದಲು ಹೊರಟ ಸರ್ಕಾರಕ್ಕೆ, ಹಕ್ಕಿನೊಳಗೇ ಕಟ್ಟಿದ ಕೊಟ್ಟಿಗೆಗೆ ಒಂದು ಸಾಲಿನ ಸುತ್ತೋಲೆ ಬರೆಯೋದು ಕಷ್ಟವೇ?

ಬೇರೆ ದೇಶಗಳಲ್ಲಿ ಹೇಗಿದೆ ಅಂತಲೂ ನೋಡೋಣ. ಅಮೆರಿಕದಲ್ಲಿ ಊರನ್ನು ವಲಯಗಳಾಗಿ ಹಂಚುವ ಕಟ್ಟುಪಾಡನ್ನು ಅಲ್ಲಿನ ಸುಪ್ರೀಂ ಕೋರ್ಟ್ 1926ರಲ್ಲೇ ಎತ್ತಿಹಿಡಿಯಿತು. ಅಲ್ಲಿ ಹಿತ್ತಲಿನ ಶೆಡ್ಡಿಗೂ ಅಳತೆ, ಗಡಿಯಿಂದ ಅಂತರ ಎಲ್ಲ ಉಂಟು. ಆದರೆ ನಿಯಮ ಒಬ್ಬನಿಗೆ ವಿಪರೀತ ತೊಂದರೆ ಕೊಡುತ್ತೆ ಅಂತಾದರೆ ವಿನಾಯಿತಿ ಕೇಳಲು ಸ್ಥಳೀಯ ಮಂಡಳಿ ಇದೆ. ನೆರೆಯವರಿಗೆ ತಿಳಿಸಿ, ಬಹಿರಂಗವಾಗಿ ವಿಚಾರಣೆ ಮಾಡಿ ಅದು ತೀರ್ಮಾನ ಕೊಡುತ್ತೆ. ಅಯೋವಾ ಅನ್ನುವ ಬೇಸಾಯದ ರಾಜ್ಯದಲ್ಲಂತೂ ರೈತರ ಮನೆ, ಕಣಜ, ಕೊಟ್ಟಿಗೆಗಳಿಗೆ ಜಿಲ್ಲಾ ಮಟ್ಟದ ವಲಯ ನಿಯಮವೇ ಅನ್ವಯಿಸೋದಿಲ್ಲ. ಷರತ್ತು ಒಂದೇ: ಬೇಸಾಯಕ್ಕೆ ಬಳಸುವ ತನಕ ಮಾತ್ರ. ಇಂಗ್ಲೆಂಡಿನಲ್ಲಿ 5 ಹೆಕ್ಟೇರಿಗೆ ಕಡಿಮೆಯಿಲ್ಲದ ಜಮೀನಿನವರು, ಗೊತ್ತಾದ ಅಳತೆಯೊಳಗೆ ಬೇಸಾಯದ ಕಟ್ಟಡ ಕಟ್ಟೋದಕ್ಕೆ ಸ್ಥಳೀಯ ಮಂಡಳಿಗೆ ಮುಂಚೆ ತಿಳಿಸಿದರೆ ಸಾಕು. 28 ದಿನದಲ್ಲಿ ಮಂಡಳಿ ಮಾತಾಡದಿದ್ದರೆ ಕೆಲಸ ಶುರು ಮಾಡಬಹುದು. ನಮ್ಮ 1964ರ ಕಾಯ್ದೆ ಬರೆದವರಿಗೂ ಈ ಬುದ್ಧಿ ಇತ್ತು. ಭೂಪರಿವರ್ತನೆ ಅರ್ಜಿಗೆ ನಾಲ್ಕು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅನುಮತಿ ಸಿಕ್ಕಿತು ಅಂತ ತಿಳಿಯಬೇಕು ಅಂತ ಅದರಲ್ಲಿ ಬರೆದಿದ್ದರು.

ನಮ್ಮ ಮನೆಯ ದೋಸೆಯೂ ತೂತೇ

ಎದುರು ಪಕ್ಷದ ಮಾತನ್ನೂ ಕೇಳಬೇಕು. ಅಧಿಕಾರಿಗಳು ಹೇಳ್ತಾರೆ: "ನಿಮ್ಮ ಮಾತು ನಂಬಿ ಬಿಟ್ಟರೆ ತೋಟದ ಮನೆ ಅಂತ ರೆಸಾರ್ಟ್ ಏಳುತ್ತೆ, ಕೊಟ್ಟಿಗೆ ಅಂತ ಗೋಡೌನ್ ಕಟ್ಟಿ ಕಂಪನಿಗೆ ಬಾಡಿಗೆ ಕೊಡ್ತೀರಿ, ಗುಂಟೆ ಲೆಕ್ಕದಲ್ಲಿ ಸೈಟು ಮಾಡಿ ಮಾರ್ತೀರಿ." ಸುಳ್ಳು ಅನ್ನೋದಕ್ಕೆ ಆಗುತ್ತಾ? ಬೆಂಗಳೂರು, ಮೈಸೂರು ಸುತ್ತ ಒಂದು ಸಲ ಸುತ್ತಿ ಬನ್ನಿ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ತೆಗೆದು ರೈತನಲ್ಲದವನೂ ಜಮೀನು ಕೊಳ್ಳಬಹುದು ಅಂತ ಮಾಡಿದ ಮೇಲೆ, ಈಜುಕೊಳ ಇರುವ ಮನೆಯೂ ತೋಟದ ಮನೆಯೇ. ಇವರ ಮೋಜಿನ ಮನೆಗೂ ನಮ್ಮ ಹುಳುಮನೆಗೂ ಹೆಸರು ಒಂದೇ ಆದರೆ, ಅವರ ಮೇಲಿನ ಕೋಪ ಬೀಳೋದು ನಮ್ಮ ಮೇಲೆ.

ನಮ್ಮವರೂ ಸಾಚಾ ಅಲ್ಲ. ನಕಾಶೆಯಲ್ಲಿರುವ ಬಂಡಿದಾರಿಗೆ ಶೆಡ್ಡಿನ ಗೋಡೆ ತಂದವರಿದ್ದಾರೆ. ಹಳ್ಳ ಒತ್ತಿ ಕೊಟ್ಟಿಗೆ ಕಟ್ಟಿದವರಿದ್ದಾರೆ. ಪಕ್ಕದವನ ಬಾವಿಯ ಮಗ್ಗುಲಿಗೇ ಕೋಳಿ ಗೊಬ್ಬರ ರಾಶಿ ಹಾಕಿದವರಿದ್ದಾರೆ. ಹಕ್ಕು ಬೇಕು ಅನ್ನೋರು ದಾರಿ ಬಿಡಬೇಕು, ನೀರು ಬಿಡಬೇಕು, ನೆರೆಯವನ ಮೂಗಿಗೂ ಮರ್ಯಾದೆ ಕೊಡಬೇಕು.

ಹಾಗಾದರೆ ನಾವು ಕೇಳೋದೇನು? ನಿಯಮವೇ ಬೇಡ ಅಂತಲ್ಲ. ಗೆರೆ ಎಳೆಯಿರಿ, ಎಲ್ಲರಿಗೂ ಕಾಣುವ ಹಾಗೆ ಎಳೆಯಿರಿ ಅಂತ.

ಒಂದು, ಬೇಸಾಯದ ಕಟ್ಟಡಗಳ ಪಟ್ಟಿ ಆಗಬೇಕು. ಕೊಟ್ಟಿಗೆ, ಹುಲ್ಲಿನ ಶೆಡ್ಡು, ಹುಳುಮನೆ, ಮೋಟಾರ್ ಮನೆ, ಧಾನ್ಯದ ಕೋಣೆ, ಕೊಬ್ಬರಿ ಅಟ್ಟ, ಅಡಿಕೆ ಬೇಯಿಸುವ ಮನೆ, ತಂಬಾಕಿನ ಬ್ಯಾರನ್, ಸ್ವಂತ ಕಬ್ಬಿನ ಆಲೆಮನೆ, ಆಳುಗಳ ವಸತಿ, ರೈತನ ವಾಸದ ಮನೆ. ಇದು ಪಂಚಾಯ್ತಿ ಗೋಡೆಯ ಮೇಲೆ ಕನ್ನಡದಲ್ಲಿ ಬರೆದಿರಬೇಕು.

ಎರಡು, ಪಟ್ಟಿಯಲ್ಲಿದ್ದು ಅಳತೆಯೊಳಗಿದ್ದರೆ ಪಂಚಾಯ್ತಿಗೆ ತಿಳಿಸಿದರೆ ಸಾಕು ಅಂತಾಗಬೇಕು. ತಿಳಿಸಿದ್ದಕ್ಕೆ ಸ್ವೀಕೃತಿ ಕೊಡಬೇಕು, ಒಂದು ತಿಂಗಳಲ್ಲಿ ತಕರಾರು ಬಾರದಿದ್ದರೆ ಒಪ್ಪಿಗೆ ಅಂತ ತಿಳಿಯಬೇಕು.

ಮೂರು, ಅಳತೆ ಸಾಲದ ಚಿಕ್ಕ ಹಿಡುವಳಿಯವನಿಗೆ ವಿನಾಯಿತಿ ಕೊಡುವ ವಿಚಾರಣೆ ಗ್ರಾಮಸಭೆಯಲ್ಲಿ, ನೆರೆಯವರ ಎದುರಿಗೆ ನಡೆಯಬೇಕು. ಕೊಟ್ಟರೂ ಕಾರಣ ಬರೆಯಬೇಕು, ಕೊಡದಿದ್ದರೂ ಕಾರಣ ಬರೆಯಬೇಕು. ಯೋಜನಾ ಪ್ರದೇಶದ ಹಳ್ಳಿಗೂ, ಬೇಸಾಯ ನಡೆಯುವ ತನಕ, ಇದೇ ನಿಯಮ ಸಲ್ಲಬೇಕು.

ನಾಲ್ಕು, ಹೀಗೆ ದಾಖಲಾದ ಕಟ್ಟಡಕ್ಕೆ ಬ್ಯಾಂಕು ಸಾಲ ಕೊಡುವಾಗಲೂ ಬೆಲೆ ಕಟ್ಟಬೇಕು. ಬೇಸಾಯ ಬಿಟ್ಟು ಬಾಡಿಗೆಗೋ ಮೋಜಿಗೋ ತಿರುಗಿಸಿದ ದಿನ ಈ ಸವಲತ್ತೆಲ್ಲ ರದ್ದು. ಅದಕ್ಕೆ ನಾವೇ ಸಾಕ್ಷಿ ಹೇಳೋಣ.

ಇವೆಲ್ಲ ಆಗೋ ತನಕ ಕೈಕಟ್ಟಿ ಕೂರಬೇಡಿ. ಕಟ್ಟುವ ಮುಂಚೆ ಪಹಣಿ ನಕಲು, ಕೈಯಲ್ಲಿ ಬರೆದ ನಕ್ಷೆ, ಅಳತೆ ಸೇರಿಸಿ ಪಂಚಾಯ್ತಿಗೆ ಪತ್ರ ಕೊಡಿ. "95ನೇ ಕಲಮಿನ 1ನೇ ಉಪಕಲಮಿನ ಪ್ರಕಾರ ಬೇಸಾಯದ ಕಟ್ಟಡ" ಅಂತ ಸ್ಪಷ್ಟವಾಗಿ ಬರೆಯಿರಿ. ಎರಡನೇ ಪ್ರತಿಗೆ ಸೀಲು, ತಾರೀಖು ಹಾಕಿಸಿಕೊಳ್ಳದೆ ಎದ್ದು ಬರಬೇಡಿ. ಕಟ್ಟಿದ ಮೇಲೆ ಫೋಟೊ ತೆಗೆಸಿ ಇಡಿ. ಯಾರಾದರೂ ಬಾಯಿಮಾತಲ್ಲಿ ಹೆದರಿಸಿದರೆ, "ಯಾವ ಕಾಯ್ದೆ, ಯಾವ ಕಲಮು, ಬರೆದು ಕೊಡಿ ಸ್ವಾಮಿ" ಅನ್ನಿ. ಬರೆದು ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಅರ್ಜಿ ಹಾಕಿ, ಮೂವತ್ತು ದಿನದಲ್ಲಿ ಉತ್ತರ ಕೊಡಲೇಬೇಕು. ಏನೇ ಆದರೂ, ತಿಳಿದವರನ್ನು ಕೇಳದೆ ಭೂಪರಿವರ್ತನೆ ಅರ್ಜಿಗೆ ಹೆಬ್ಬೆಟ್ಟು ಒತ್ತಬೇಡಿ.

ಆರು ತಿಂಗಳಿಗೊಮ್ಮೆ ಗ್ರಾಮಸಭೆ ನಡೆಯಲೇಬೇಕು. ಮುಂದಿನ ಸಭೆಗೆ ಹತ್ತು ಜನ ಒಟ್ಟಾಗಿ ಹೋಗಿ, ಮೇಲಿನ ಪಟ್ಟಿಯನ್ನು ಠರಾವು ಮಾಡಿಸಿ, ನಡಾವಳಿ ಪುಸ್ತಕದಲ್ಲಿ ಬರೆಸಿ. ಒಂದು ಊರಿನ ಠರಾವನ್ನು ಕಸದ ಬುಟ್ಟಿಗೆ ಹಾಕಬಹುದು. ಒಂದು ತಾಲ್ಲೂಕಿನ ಊರುಗಳೆಲ್ಲ ಒಂದೇ ಠರಾವು ಕಳಿಸಿದರೆ ಅದನ್ನು ಹಾಕೋದಕ್ಕೆ ಅಷ್ಟು ದೊಡ್ಡ ಬುಟ್ಟಿ ಯಾವ ಕಚೇರಿಯಲ್ಲೂ ಇಲ್ಲ.